ನೀರು ಕೆಂಪಾದದ್ದು ನೀರಿನ ಕೊಳೆಯಿಂದಲ್ಲ

ಪ್ರಶ್ನೆ: ಮೂಡಿಗೆರೆ ತಾಲೂಕಿನಲ್ಲಿ ನಮ್ಮದು ತೋಟದ ಮನೆ, ಐದು ಜನ ಇದ್ದೇವೆ. ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ಬರುತ್ತದೆ, ಬೇಸಿಗೆಯಲ್ಲಿ ತೆರೆದ ಬಾವಿಯ ನೀರು. ಕಡೂರಿನ ಹತ್ತಿರ ನಮ್ಮ ಅಕ್ಕನ ಮನೆಗೆ ಬೋರ್‌ವೆಲ್ ನೀರು. ಆರ್‌ಒ (ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯಿಂದ ನೀರಿನ ಲವಣ ತೆಗೆಯುವ ಯಂತ್ರ) ಮಾರುವವರೊಬ್ಬರು ಎರಡೂ ಮನೆಗೆ ಬಂದು ಮೀಟರ್ ಅದ್ದಿದರು. ನಮ್ಮಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 48, ಅಕ್ಕನ ಮನೆಯಲ್ಲಿ 1,100. ಆಮೇಲೆ ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟ್ ಕೊಟ್ಟರು. ನಮ್ಮ ನೀರು ಕಂದುಗೆಂಪಾಯಿತು, ಅವರು ತಂದಿದ್ದ ಆರ್‌ಒ ನೀರು ಹಾಗೇ ಉಳಿಯಿತು. ಕಿಡ್ನಿ ಕಲ್ಲು, ಕ್ಯಾನ್ಸರ್ ಎಂದೆಲ್ಲ ಹೇಳಿ ಹೆದರಿಸಿದರು. ಒಂದು ಯಂತ್ರಕ್ಕೆ 18,500 ರೂಪಾಯಿ, ಎರಡನೇ ವರ್ಷದಿಂದ ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) ವರ್ಷಕ್ಕೆ 5,500. ಒಂದು ಸಾವಿರ ಮುಂಗಡ ಕೊಟ್ಟಿದ್ದೇವೆ. ತೆಗೆದುಕೊಳ್ಳಬಹುದೇ?

ಉತ್ತರ: ನಿಮ್ಮ ಮನೆಗೆ ಆರ್‌ಒ ಬೇಡ. ಅಕ್ಕನ ಮನೆಗೆ ಬಹುಶಃ ಬೇಕು, ಆದರೆ ಈ ಬೆಲೆಗೂ ಈ ಎಎಂಸಿಗೂ ಬೇಡ. ಒಂದೇ ಜಿಲ್ಲೆಯ ಎರಡು ಮನೆಗೆ ಎರಡು ಉತ್ತರ ಯಾಕೆಂದರೆ ನೀರೇ ಬೇರೆ. ಮೂಡಿಗೆರೆಯಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆ ನೀರು ಮಣ್ಣಿನ ಮೇಲ್ಪದರದಲ್ಲಿ ಹರಿದು ಬೇಗ ಹೊರಬರುತ್ತದೆ, ಲವಣ ಕರಗಿಸಿಕೊಳ್ಳಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕಡೂರು ಮಳೆ ನೆರಳಿನ ಸೀಮೆ, ಅಲ್ಲಿ ಮಳೆ 600 ಮಿಲಿಮೀಟರ್ ಆಸುಪಾಸು. ಬೋರಿನ ನೀರು ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಷಿಯಂ, ಕೆಲವು ಕಡೆ ಫ್ಲೋರೈಡ್ ಕೂಡ ಕರಗಿಸಿಕೊಂಡು ಮೇಲೆ ಬರುತ್ತದೆ. ಎರಡೂ ನೀರಿಗೆ ಒಂದೇ ಯಂತ್ರ ಮಾರುವವರು ನೀರನ್ನು ನೋಡಿ ಮಾರುತ್ತಿಲ್ಲ.

ಮೊದಲು ಆ ಕಡ್ಡಿಯ ಆಟದ ವಿಷಯ. ಅದರಲ್ಲಿ ಒಂದು ಕಡ್ಡಿ ಕಬ್ಬಿಣದ್ದು, ಇನ್ನೊಂದು ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಕರೆಂಟ್ ಹರಿದಾಗ ಕಬ್ಬಿಣದ ಕಡ್ಡಿಯೇ ಸವೆದು ನೀರಿಗೆ ಇಳಿಯುತ್ತದೆ. ಮೊದಲು ಹಸಿರು ಮಿಶ್ರಿತ ಬಣ್ಣ, ಗಾಳಿ ತಾಗಿದ ಮೇಲೆ ತುಕ್ಕಿನ ಕೆಂಪು. ನೀವು ಕಂಡ ಕೊಳೆ ಆ ಕಡ್ಡಿಯ ತುಕ್ಕು, ನಿಮ್ಮ ಒರತೆಯ ನೀರಿನಲ್ಲಿ ಇದ್ದದ್ದಲ್ಲ. ಆರ್‌ಒ ನೀರು ತಿಳಿಯಾಗಿ ಉಳಿಯುವುದಕ್ಕೆ ಕಾರಣ ಅದರಲ್ಲಿ ಲವಣ ಇಲ್ಲದಿರುವುದು. ಲವಣವಿಲ್ಲದೆ ಕರೆಂಟ್ ಹರಿಯುವುದಿಲ್ಲ, ಕರೆಂಟ್ ಹರಿಯದೆ ಕಡ್ಡಿ ಸವೆಯುವುದಿಲ್ಲ. ಪರೀಕ್ಷಿಸುವುದು ಸುಲಭ. ಮುಂದಿನ ಸಲ ಅವರು ಬಂದಾಗ ಅವರದೇ ಆರ್‌ಒ ನೀರಿನ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಕಲಕಿ, ಅದೇ ಕಡ್ಡಿ ಇಳಿಸಲು ಹೇಳಿ. ಆ ನೀರು ನಿಮ್ಮ ನೀರಿಗಿಂತ ಬೇಗ, ನಿಮ್ಮ ನೀರಿಗಿಂತ ಗಾಢವಾಗಿ ಕೆಂಪಾಗುತ್ತದೆ. ಕಡ್ಡಿಗಳು ಮನೆಯ ಪ್ಲಗ್‌ಗೇ ಜೋಡಿಸಿರುತ್ತವೆ, ಆ ಹೊತ್ತಿನಲ್ಲಿ ಲೋಟ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ. ಗೊತ್ತಿದ್ದೂ ಇದನ್ನು ತೋರಿಸಿ ಮಾರುವುದು ಮೋಸ. ಇದಕ್ಕೆ ಇನ್ನೂ ಮೃದುವಾದ ಪದ ಹುಡುಕಲು ನನಗೆ ಮನಸ್ಸಿಲ್ಲ.

ಟಿಡಿಎಸ್ ಮೀಟರ್ ಸುಳ್ಳು ಹೇಳುವುದಿಲ್ಲ, ಆದರೆ ನೀವು ಕೇಳಬೇಕಾದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಅದು ಅಳೆಯುವುದು ನೀರು ಎಷ್ಟು ವಿದ್ಯುತ್ ಹಾಯಿಸುತ್ತದೆ ಎಂಬುದನ್ನು. ಆ ಅಂಕಿಯನ್ನು 0.5ರಿಂದ 0.7ರ ನಡುವಿನ ಯಾವುದೋ ಒಂದು ಗುಣಕದಿಂದ ಗುಣಿಸಿ ಲವಣದ ಅಂದಾಜು ತೋರಿಸುತ್ತದೆ. ಎಳನೀರಿಗೆ ಅದ್ದಿದರೆ ಅಂಕಿ ಸಾವಿರಗಳಲ್ಲಿ ಬರುತ್ತದೆ, ಅದರ ಪೊಟ್ಯಾಷಿಯಂನಿಂದ. ಅದೇ ಒಂದು ಬಿಂದಿಗೆ ಶುದ್ಧ ನೀರಿಗೆ ಶೌಚದ ಗುಂಡಿಯ ಕೊಚ್ಚೆಯ ಒಂದು ಹನಿ ಬೆರೆಸಿ ನೋಡಿ, ಅಂಕಿ ಕದಲುವುದಿಲ್ಲ. ಭೇದಿ, ಟೈಫಾಯಿಡ್, ಕಾಮಾಲೆಗೆ ಅಂಥ ಹನಿಯೇ ಸಾಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ನೀರಿನ ಮೂಲವಿಲ್ಲದಿದ್ದರೆ 2,000ದವರೆಗೆ ಅನುಮತಿ ಇದೆ. ನಿಮ್ಮದು 48. 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 500ಕ್ಕಿಂತ ಕಡಿಮೆ ಟಿಡಿಎಸ್ ಇರುವಲ್ಲಿ ಆರ್‌ಒ ಬಳಕೆ ನಿಲ್ಲಿಸುವಂತೆ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಸುಮ್ಮನೆ ನೀರು ಪೋಲಾಗುತ್ತದೆ ಎಂಬುದು ಅದರ ಹಿಂದಿನ ಚಿಂತೆ.

ಕಿಡ್ನಿ ಕಲ್ಲಿನ ಮಾತಿಗೂ ಒಂದು ಉತ್ತರ ಬೇಕು. ಗಡಸು ನೀರು ಕುಡಿದರೆ ಕಲ್ಲಾಗುತ್ತದೆ ಎಂಬುದು ಸಾಬೀತಾದ ಮಾತಲ್ಲ. ಕಡಿಮೆ ನೀರು ಕುಡಿಯುವುದು ಅದಕ್ಕಿಂತ ದೊಡ್ಡ ಕಾರಣ. ನಿಮ್ಮ ಒರತೆಯ ನೀರಂತೂ ಗಡಸೇ ಅಲ್ಲ.

ಟಿಡಿಎಸ್ 48 ಇರುವ ನೀರನ್ನು ಆರ್‌ಒಗೆ ಹಾಯಿಸಿದರೆ ಏನಾಗುತ್ತದೆ? ಮೆಂಬ್ರೇನ್ ದಾಟಿದ ಮೇಲೆ 4ರ ಆಸುಪಾಸು ಉಳಿಯುತ್ತದೆ. ಸಪ್ಪೆ ನೀರು. ಮನೆಯವರು ರುಚಿಯಿಲ್ಲ ಎನ್ನುತ್ತಾರೆ. ಆಗ ಮೆಕ್ಯಾನಿಕ್ ಬಂದು ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪನ್ನು ತಿರುಗಿಸುತ್ತಾನೆ. ಆ ತಿರುಪು ಮೆಂಬ್ರೇನ್ ದಾಟದ ನೀರನ್ನು ಶುದ್ಧ ನೀರಿಗೆ ಬೆರೆಸುವ ಅಡ್ಡದಾರಿ, ಅಷ್ಟೇ. ಅಂಕಿ 40 ಬರುವಂತೆ ಇಟ್ಟರೆ ಲೆಕ್ಕ ಹೀಗೆ ಬೀಳುತ್ತದೆ: ಲೋಟದ ನೀರಿನಲ್ಲಿ ನೂರಕ್ಕೆ 82 ಪಾಲು ಮೆಂಬ್ರೇನ್ ಕಾಣದ ನೀರು, 18 ಪಾಲು ಮಾತ್ರ ಆರ್‌ಒ ನೀರು. ಹದಿನೆಂಟೂವರೆ ಸಾವಿರ ಕೊಟ್ಟು ಐದರಲ್ಲಿ ನಾಲ್ಕು ಪಾಲು ಅದೇ ಒರತೆ ನೀರನ್ನು ಕುಡಿಯುತ್ತೀರಿ. ಜೊತೆಗೆ ಮೆಂಬ್ರೇನ್ ದಾಟುವ ಒಂದು ಲೀಟರಿಗೆ ಮೂರು ಲೀಟರಿನಷ್ಟು ಒಳ್ಳೆಯ ನೀರು ಮೋರಿಗೆ. ಮಿನರಲ್ ಕಾರ್ಟ್ರಿಜ್, ಆಲ್ಕಲೈನ್ ಕಾರ್ಟ್ರಿಜ್, ತಾಮ್ರದ ಕಾರ್ಟ್ರಿಜ್ ಎಂದು ಆಮೇಲೆ ಸೇರಿಸುವುದೆಲ್ಲ ಮೊದಲು ತೆಗೆದದ್ದರಲ್ಲಿ ಚೂರು ವಾಪಸ್ ಕೊಡುವ ವ್ಯಾಪಾರ. ಹೊಟ್ಟೆಯ ಆಮ್ಲದ ಮುಂದೆ ಆಲ್ಕಲೈನ್ ನೀರಿನ ಪಿಎಚ್‌ಗೆ ಲೆಕ್ಕವಿಲ್ಲ.

ಹಾಗಾದರೆ ನಿಮ್ಮ ನೀರಿನಲ್ಲಿ ತೊಂದರೆಯೇ ಇಲ್ಲವೇ? ಇದೆ, ಆದರೆ ಮಾರುವವರು ಹೇಳಿದ್ದಲ್ಲ. ಮಲೆನಾಡಿನ ಒರತೆ, ಹಳ್ಳ, ತೆರೆದ ಬಾವಿಯ ನೀರಿಗೆ ಶತ್ರು ಕ್ರಿಮಿ ಮತ್ತು ಕೆಸರು. ಜೂನ್ ಮಳೆ ಹಿಡಿದ ಮೇಲೆ ಮೇಯುವ ದನದ ಸಗಣಿ, ಕೊಳೆತ ಎಲೆ, ಮೇಲಿನ ಮನೆಯ ಶೌಚದ ಗುಂಡಿಯ ಸೋರಿಕೆ ಎಲ್ಲ ಒರತೆಗೆ ಇಳಿಯುತ್ತವೆ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರು ಹಳ್ಳ ಸೇರುವ ಕಾಲ. ಮಳೆಗೆ ಮುಂಚೆ ಮೈಲುತುತ್ತ ಸುಣ್ಣದ ಸಿಂಪಡಣೆ. ಇವಕ್ಕೆಲ್ಲ ಅಡುಗೆಮನೆಯ ಗೋಡೆಗಿಂತ ಗುಡ್ಡದ ಮೇಲೆ ಮಾಡುವ ಕೆಲಸವೇ ಹೆಚ್ಚು ಫಲ ಕೊಡುತ್ತದೆ. ಪೈಪಿನ ಬಾಯಿ ತೋಟ, ಕೊಟ್ಟಿಗೆ, ಮನೆ ಇವೆಲ್ಲದರ ಮೇಲ್ಭಾಗದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಇನ್ನೂ ಐವತ್ತು ನೂರು ಮೀಟರ್ ಪೈಪು ಹಾಕಿ ಮೇಲಕ್ಕೆ ಒಯ್ಯುವುದು ಯಾವ ಯಂತ್ರಕ್ಕಿಂತಲೂ ಒಳ್ಳೆಯ ಖರ್ಚು. ಒರತೆಯ ಬಾಯಿಗೆ ಕಲ್ಲು ಅಥವಾ ಸಿಮೆಂಟಿನ ಸಣ್ಣ ತೊಟ್ಟಿ ಕಟ್ಟಿ, ತಳಕ್ಕೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ತೊಳೆದ ಹೊಳೆ ಮರಳು ಹಾಕಿ, ಮುಚ್ಚಳ ಮುಚ್ಚಿ. ಮೇಲಿನಿಂದ ಹರಿದು ಬರುವ ಮಳೆನೀರು ಒಳಗೆ ಬೀಳದಂತೆ ಗುಡ್ಡದ ಬದಿಗೆ ಒಂದು ಬಸಿಗಾಲುವೆ ತೋಡಿ. ಮನೆಯ ಟ್ಯಾಂಕನ್ನು ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ, ಖಾಲಿ ಮಾಡಿ ಉಜ್ಜಿ ತೊಳೆಯಬೇಕು.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು, ಅಳತೆ ಮಾತ್ರ ಗೊತ್ತಿರುವುದಿಲ್ಲ. ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಬರುತ್ತದೆ. ಒಂದೂವರೆ ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 7,000 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್, ಅಂದರೆ ನೂರಕ್ಕೆ 33 ಪಾಲು ಕ್ಲೋರಿನ್ ಇರುವಂಥದ್ದು. ಈ ಬಾವಿಗೆ ಹದಿನೇಳೂವರೆ ಗ್ರಾಂ ಸಾಕು. ಬಕೆಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ ಕಾಲು ಗಂಟೆ ಬಿಡಿ, ಸುಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ ಬಾವಿಗೆ ಇಳಿಸಿ ಕಲಕಿ. ಒಂದು ಗಂಟೆ ಬಿಟ್ಟು ನೀರು ಎತ್ತಬಹುದು. ಆಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಇದನ್ನು ನೋಡುವ ಕಿಟ್ ಗ್ರಾಮ ಪಂಚಾಯಿತಿಯ ನೀರು ಪರೀಕ್ಷೆಯವರ ಬಳಿ ಇರುತ್ತದೆ. ಎಷ್ಟು ಹಾಕಿದರೂ ಕ್ಲೋರಿನ್ ಉಳಿಯುತ್ತಿಲ್ಲವಾದರೆ ಬಾವಿಯಲ್ಲಿ ಎಲೆ, ಕೆಸರು ಹೆಚ್ಚಿದೆ ಎಂದರ್ಥ, ಅಥವಾ ಪೌಡರ್ ಹಳೆಯದು. ಬಾಯಿ ತೆರೆದಿಟ್ಟ ಚೀಲದ ಪೌಡರ್ ತೇವ ಹಿಡಿದು ಶಕ್ತಿ ಕಳೆದುಕೊಳ್ಳುತ್ತದೆ, ಮಲೆನಾಡಿನ ಮಳೆಗಾಲದಲ್ಲಂತೂ ಬಹಳ ಬೇಗ.

ಅಡುಗೆಮನೆಗೆ ನಾನು ಸೂಚಿಸುವುದು ಕರೆಂಟ್ ಬೇಡದ, ಯುಎಫ್ ಮೆಂಬ್ರೇನ್ (ಕ್ರಿಮಿ ತಡೆದು ಲವಣ ಬಿಡುವ ಪೊರೆ) ಇರುವ, ಮೇಲಿನಿಂದ ನೀರು ಸುರಿಯುವ ಫಿಲ್ಟರ್. ಬೆಲೆ ಸುಮಾರು 3,000 ರೂಪಾಯಿ, ವರ್ಷಕ್ಕೊಮ್ಮೆ ಕಾರ್ಟ್ರಿಜ್ 1,200ರ ಆಸುಪಾಸು. ಯುವಿ (ನೇರಳಾತೀತ) ದೀಪದ ಯಂತ್ರವನ್ನು ನಿಮ್ಮ ಮನೆಗೆ ಯಾಕೆ ಹೇಳುತ್ತಿಲ್ಲವೆಂದರೆ, ಯುವಿ ಬೆಳಕು ಕೆಲಸ ಮಾಡುವುದು ತಿಳಿನೀರಿನಲ್ಲಿ ಮಾತ್ರ. ಕೆಸರಿನ ಕಣದ ಹಿಂದೆ ಕ್ರಿಮಿ ಅಡಗಿದರೆ ಬೆಳಕು ಮುಟ್ಟುವುದಿಲ್ಲ. ನೀರು ಕೆಸರಾಗುವುದು ಜೋರು ಮಳೆಯಲ್ಲಿ, ಕರೆಂಟ್ ಎರಡು ಮೂರು ದಿನ ಹೋಗುವುದೂ ಅದೇ ಮಳೆಯಲ್ಲಿ. ಬೇಕಾದ ದಿನವೇ ಅದು ಸತ್ತಿರುತ್ತದೆ. ಯುಎಫ್‌ನ ರಂಧ್ರಗಳು ಬ್ಯಾಕ್ಟೀರಿಯಾವನ್ನೂ ಹೊಟ್ಟೆಯ ಅಮೀಬಾದಂಥವನ್ನೂ ತಡೆಯುತ್ತವೆ, ಆದರೆ ಕಾಮಾಲೆಯ ವೈರಸ್‌ಗಳನ್ನು ಪೂರ್ತಿ ತಡೆಯುತ್ತವೆ ಎಂದು ನಂಬುವಂತಿಲ್ಲ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಸಿದ ಕುಡಿಯುವ ನೀರನ್ನು ಕುದಿಸಿ. ಇಪ್ಪತ್ತು ನಿಮಿಷ ಕೊತ ಕೊತ ಕುದಿಸಬೇಕು ಎಂಬುದು ಗ್ಯಾಸ್ ಹಾಳು ಮಾಡುವ ಮಾತು, ದೊಡ್ಡ ಗುಳ್ಳೆಗಳೆದ್ದು ಒಂದು ನಿಮಿಷ ಕುದಿದರೆ ಸಾಕು. ಎತ್ತರದ ಊರು, ನೀರು 100 ಡಿಗ್ರಿಗೆ ಮುಂಚೆಯೇ ಕುದಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಸಾವಿರ ಮೀಟರ್ ಎತ್ತರದಲ್ಲಿ ಸುಮಾರು 97 ಡಿಗ್ರಿಗೆ ಕುದಿಯುತ್ತದೆ, ಕ್ರಿಮಿ ಸಾಯಲು ಅಷ್ಟು ಧಾರಾಳ.

ಕುದಿಸುವ ಖರ್ಚಿನ ಲೆಕ್ಕವೂ ಇರಲಿ. ಹತ್ತು ಲೀಟರ್ ನೀರನ್ನು ಕುದಿಗೆ ತರಲು ಸುಮಾರು 120 ಗ್ರಾಂ ಗ್ಯಾಸ್ ಬೇಕು. 14.2 ಕೆ.ಜಿ. ಸಿಲಿಂಡರಿಗೆ 900 ರೂಪಾಯಿ ಎಂದು ಹಿಡಿದರೆ ದಿನಕ್ಕೆ ಏಳೂವರೆ ರೂಪಾಯಿ. ಮಳೆಗಾಲದ ನಾಲ್ಕು ತಿಂಗಳಿಗೆ 900 ರೂಪಾಯಿ. ಬಚ್ಚಲ ಒಲೆಯ ಪಕ್ಕದಲ್ಲೇ ಒಂದು ಪಾತ್ರೆಯಿಟ್ಟು ತೋಟದ ಸೌದೆಯಲ್ಲಿ ಕುದಿಸುವವರಿಗೆ ಅದೂ ಇಲ್ಲ. ಫಿಲ್ಟರ್, ನಾಲ್ಕು ಕಾರ್ಟ್ರಿಜ್, ಐದು ಮಳೆಗಾಲದ ಗ್ಯಾಸ್ ಸೇರಿ ಐದು ವರ್ಷಕ್ಕೆ 12,300. ಅವರು ಹೇಳಿದ ಯಂತ್ರ ಮತ್ತು ನಾಲ್ಕು ವರ್ಷದ ಎಎಂಸಿ ಸೇರಿದರೆ 40,500.

ಒಂದು ವಿನಾಯಿತಿ ಹೇಳಬೇಕು. ನೀರು ತಿಳಿಯಾಗಿ ಬಂದು, ಬಕೆಟಿನಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ಕೆಂಪು ಕೂರುತ್ತದೆ ಎಂದಾದರೆ ಅದು ಕಬ್ಬಿಣ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆಗೆ ಕಲೆ, ಬಾಯಿಗೆ ತುಕ್ಕಿನ ರುಚಿ. ಮಲೆನಾಡಿನ ಬೋರ್‌ವೆಲ್‌ಗಳಲ್ಲಿ ಇದು ಕಾಣುತ್ತದೆ. ಅದಕ್ಕೂ ಆರ್‌ಒ ಮದ್ದಲ್ಲ, ಕಬ್ಬಿಣ ಮೆಂಬ್ರೇನಿನ ಮೇಲೆ ಕೂತು ಅದನ್ನೇ ಬೇಗ ಹಾಳುಮಾಡುತ್ತದೆ. ನೀರನ್ನು ತೂತಿನ ತಟ್ಟೆಯ ಮೇಲೆ ಚಿಮ್ಮಿಸಿ ಗಾಳಿಯಾಡಿಸಿ, ಮರಳಿನಲ್ಲಿ ಸೋಸಿ ಟ್ಯಾಂಕಿಗೆ ಬಿಡುವುದೇ ಸರಿಯಾದ ದಾರಿ.

ಇನ್ನು ಅಕ್ಕನ ಮನೆ. 1,100 ಎಂಬ ಅಂಕಿಯಿಂದ ನೀರಿನಲ್ಲಿ ಲವಣ ಹೆಚ್ಚಿದೆ ಎಂದಷ್ಟೇ ತಿಳಿಯಿತು, ಯಾವ ಲವಣ ಎಂದು ತಿಳಿಯಲಿಲ್ಲ. ಗಡಸುತನವೊಂದೇ ಆದರೆ ಬೇಳೆ ಬೇಯದು, ಪಾತ್ರೆಗೆ ಬಿಳಿ ಪೊರೆ ಕೂರುತ್ತದೆ, ರುಚಿ ಕೆಟ್ಟಿರುತ್ತದೆ. ಅಪಾಯ ಇರುವುದು ಫ್ಲೋರೈಡ್ ಮತ್ತು ನೈಟ್ರೇಟ್‌ನಲ್ಲಿ. ಫ್ಲೋರೈಡಿಗೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ 1.5. ಅದು ಮೀರಿ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಲೆ, ಇನ್ನೂ ಹೆಚ್ಚಿದ್ದರೆ ಮೂಳೆಗೆ ಪೆಟ್ಟು. ನೈಟ್ರೇಟಿಗೆ 45, ಅದಕ್ಕೆ ವಿನಾಯಿತಿಯೇ ಇಲ್ಲ, ಹಸುಗೂಸುಗಳಿಗೆ ಅದು ಅಪಾಯ. ಎರಡೂ ಬಣ್ಣವಿಲ್ಲದ, ವಾಸನೆಯಿಲ್ಲದ ವಸ್ತುಗಳು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಇಲ್ಲಿ ಆರ್‌ಒಗೆ ನಿಜವಾದ ಕೆಲಸವಿದೆ.

ಹಾಗಾಗಿ ಯಂತ್ರಕ್ಕೆ ಮುಂಚೆ ಪರೀಕ್ಷೆ. ಚಿಕ್ಕಮಗಳೂರಿನಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯವಿದೆ, ಹಾಸನದವರಿಗೆ ಹಾಸನದಲ್ಲಿ. ಸಾರ್ವಜನಿಕರೂ ಸಣ್ಣ ಶುಲ್ಕ ಕೊಟ್ಟು ಮಾಡಿಸಬಹುದು. ಕೇಳಬೇಕಾದದ್ದು ಪಿಎಚ್, ಟಿಡಿಎಸ್, ಒಟ್ಟು ಗಡಸುತನ, ಕಬ್ಬಿಣ, ಫ್ಲೋರೈಡ್, ನೈಟ್ರೇಟ್. ಅಕ್ಕ ಎರಡು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಕ್ಯಾನನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಬೋರ್ ಹತ್ತು ನಿಮಿಷ ಓಡಿದ ಮೇಲೆ ತುಂಬಿಸಲಿ. ನಿಮಗೆ ಬೇಕಾದದ್ದು ಮುಖ್ಯವಾಗಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಪರೀಕ್ಷೆ. ಅದಕ್ಕೆ ಪ್ರಯೋಗಾಲಯದವರೇ ಕೊಡುವ ಶುದ್ಧೀಕರಿಸಿದ ಬಾಟಲಿ ತರಬೇಕು. ನಲ್ಲಿಯ ಬಾಯಿಗೆ ಬೆಂಕಿ ಹಿಡಿದು ಕ್ರಿಮಿ ಸಾಯಿಸಿ (ಪ್ಲಾಸ್ಟಿಕ್ ನಲ್ಲಿಯಾದರೆ ಸ್ಪಿರಿಟ್‌ನಲ್ಲಿ ಒರೆಸಿ), ಎರಡು ನಿಮಿಷ ನೀರು ಬಿಟ್ಟು, ಬಾಟಲಿಯ ಒಳಗೆ ಬೆರಳು ತಾಗದಂತೆ ತುಂಬಿಸಿ ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಒಯ್ಯಿರಿ. ಆರು ಗಂಟೆಯೊಳಗೆ ತಲುಪಿದರೆ ಉತ್ತಮ. ನೂರು ಮಿಲಿಲೀಟರಿನಲ್ಲಿ ಇ. ಕೋಲಿ ಒಂದೂ ಇರಕೂಡದು. ಪರೀಕ್ಷೆಯನ್ನು ಬೇಸಿಗೆಯ ತಿಳಿನೀರಿನಲ್ಲಿ ಮಾಡಿಸಿ ನೆಮ್ಮದಿಯಾಗಬೇಡಿ, ಮಳೆ ಹಿಡಿದ ಎರಡನೇ ವಾರ ಮಾಡಿಸಿ.

ವರದಿಯಲ್ಲಿ ಫ್ಲೋರೈಡ್, ನೈಟ್ರೇಟ್ ಮಿತಿಯೊಳಗೇ ಇದ್ದು ಗಡಸುತನವಷ್ಟೇ ತೊಂದರೆಯಾದರೆ ಅಕ್ಕ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರನ್ನೇ ಯೋಚಿಸಬಹುದು. ಇಪ್ಪತ್ತು ಲೀಟರಿಗೆ 5 ರೂಪಾಯಿ ಎಂದು ಹಿಡಿದರೆ, ದಿನಕ್ಕೊಂದು ಕ್ಯಾನ್ ತಂದರೂ ವರ್ಷಕ್ಕೆ 1,825. ಎಎಂಸಿಯ ಮೂರನೇ ಒಂದು ಪಾಲು. ಘಟಕ ಕೆಟ್ಟು ನಿಲ್ಲುವ ಊರಾದರೆ, ಕ್ಯಾನ್ ಹೊರಲು ಆಳಿಲ್ಲದಿದ್ದರೆ, ಮನೆಯ ಯಂತ್ರ ಸರಿ.

ಯಂತ್ರ ಕೊಳ್ಳುವಾಗ ಒಳಗೇನಿದೆ ಎಂದು ತೆಗೆಸಿ ನೋಡಿ. ಹೊರಗಿನ ಡಬ್ಬ, ಪರದೆ, ಮೊಬೈಲಿಗೆ ಸಂದೇಶ ಕಳಿಸುವ ಚಿಪ್ ಇವುಗಳಿಂದ ನೀರು ಶುದ್ಧವಾಗುವುದಿಲ್ಲ. ಮೊದಲು ಕೆಸರು ಹಿಡಿಯುವ ಹತ್ತು ಇಂಚಿನ ಸ್ಪನ್ ಫಿಲ್ಟರ್, ಆಮೇಲೆ ಸಣ್ಣ ಕಣ ಹಿಡಿಯುವ ಸೆಡಿಮೆಂಟ್ ಮತ್ತು ವಾಸನೆ ಹೀರುವ ಕಾರ್ಬನ್, 24 ವೋಲ್ಟಿನ ಪಂಪು, ಅದಕ್ಕೆ ಕರೆಂಟ್ ಇಳಿಸಿ ಕೊಡುವ ಎಸ್‌ಎಂಪಿಎಸ್, ನೀರನ್ನು ತಾನೇ ಬಿಟ್ಟು ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್, 75 ಅಥವಾ 80 ಜಿಪಿಡಿ (ದಿನಕ್ಕೆ ಇಷ್ಟು ಗ್ಯಾಲನ್) ಮೆಂಬ್ರೇನ್, ಬಿಟ್ಟ ನೀರಿನ ಕೊಳವೆಯಲ್ಲಿ ಎಫ್‌ಆರ್ ಎಂಬ ಸಣ್ಣ ತಡೆ. ಕೆಲಸ ಮಾಡುವುದು ಇಷ್ಟೇ. ಈ ಭಾಗಗಳು ಸಾಮಾನ್ಯ ಅಳತೆಯವಾಗಿದ್ದರೆ ಕಡೂರು, ಅರಸೀಕೆರೆಯ ಯಾವ ಅಂಗಡಿಯಲ್ಲೂ ಸಿಗುತ್ತವೆ: ಸ್ಪನ್ ಸುಮಾರು 100 ರೂಪಾಯಿ, ಸೆಡಿಮೆಂಟ್ ಕಾರ್ಬನ್ ಜೋಡಿ 500, ಮೆಂಬ್ರೇನ್ 1,300ರ ಸುತ್ತ. ಕಂಪನಿಗೆ ಮಾತ್ರ ಹೊಂದುವ ಕಾರ್ಟ್ರಿಜ್ ಆದರೆ ಅದೇ ವಸ್ತುವಿಗೆ ಅವರು ಹೇಳಿದ್ದೇ ಬೆಲೆ. ಇನ್ನೂ ಕೆಟ್ಟದ್ದು ಸಮಯದ ಬೀಗ. ಹನ್ನೆರಡು ತಿಂಗಳಾಯಿತೆಂದು, ನೀರು ಎಷ್ಟು ಹರಿದಿದೆ ಎಂದು ನೋಡದೆ, ಯಂತ್ರ ತಾನೇ ನಿಂತು ಎಎಂಸಿ ಕೇಳುತ್ತದೆ. ಕೊಳ್ಳುವ ಮುಂಚೆ ಎರಡು ಪ್ರಶ್ನೆ ಬರೆದು ಉತ್ತರ ಬರೆಸಿಕೊಳ್ಳಿ: ಹೊರಗಿನ ಫಿಲ್ಟರ್ ಹಾಕಿದರೆ ಯಂತ್ರ ಓಡುತ್ತದೆಯೇ? ಎಎಂಸಿ ಇಲ್ಲದಿದ್ದರೆ ಓಡುತ್ತದೆಯೇ? ಬರೆದುಕೊಡಲು ಹಿಂಜರಿದರೆ ಬೇರೆ ಅಂಗಡಿ ನೋಡಿ.

ಸಾಮಾನ್ಯ ಭಾಗಗಳ ಯಂತ್ರ 8,500ರ ಸುತ್ತ ಸಿಗುತ್ತದೆ. ಮೂರು ತಿಂಗಳಿಗೊಂದು ಸ್ಪನ್, ವರ್ಷಕ್ಕೊಂದು ಜೋಡಿ, ಎರಡು ವರ್ಷಕ್ಕೊಂದು ಮೆಂಬ್ರೇನ್, ಮೆಕ್ಯಾನಿಕ್ ಎರಡು ಸಲ ಬಂದರೆ ಆರುನೂರು. ವರ್ಷಕ್ಕೆ 2,150. ಮೊದಲ ವರ್ಷ ಬಿಟ್ಟು ನಾಲ್ಕು ವರ್ಷಕ್ಕೆ 8,600, ಯಂತ್ರ ಸೇರಿ 17,100. 40,500ರ ಎದುರಿಗೆ ಇಟ್ಟು ನೋಡಿ, ಉಳಿಯುವುದು 23,400.

ಎಎಂಸಿ ಹೇಗೂ ಬೇಕೆನಿಸಿದರೆ ಚೀಟಿಯಲ್ಲಿ ಮೆಂಬ್ರೇನ್, ಪಂಪ್, ಎಸ್‌ಎಂಪಿಎಸ್ ಹೆಸರು ಹೇಳಿ ಸೇರಿಸಿದ್ದಾರೆಯೇ ನೋಡಿ. ಅನೇಕ ಕರಾರುಗಳಲ್ಲಿ ದುಡ್ಡು ತಿನ್ನುವ ಈ ಮೂರೇ ಹೊರಗಿರುತ್ತವೆ, ನೂರು ರೂಪಾಯಿಯ ಸ್ಪನ್ ಮಾತ್ರ ಒಳಗಿರುತ್ತದೆ.

ಮೆಂಬ್ರೇನ್ ಹೋಗಿದೆ ಎಂದು ಮೆಕ್ಯಾನಿಕ್ ಹೇಳಿದರೆ ನಂಬುವ ಮುಂಚೆ ಅಕ್ಕನೇ ಅಳೆಯಬಹುದು, ಮುನ್ನೂರು ರೂಪಾಯಿಯ ಮೀಟರ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಯಂತ್ರ ಐದು ನಿಮಿಷ ಓಡಲಿ, ರಾತ್ರಿಯೆಲ್ಲ ನಿಂತಿದ್ದ ಯಂತ್ರದ ಮೊದಲ ನೀರಿನಲ್ಲಿ ಅಂಕಿ ಯಾವಾಗಲೂ ಹೆಚ್ಚು. ಟಿಡಿಎಸ್ ಕಂಟ್ರೋಲರ್ ಪೂರ್ತಿ ಮುಚ್ಚಿ. ಒಳಗೆ ಹೋಗುವುದು 1,100, ಹೊರಬರುವುದು 77 ಆದರೆ ನೂರಕ್ಕೆ 93 ಪಾಲು ತಡೆದಿದೆ, ಒಳ್ಳೆಯ ಮೆಂಬ್ರೇನ್. 220 ದಾಟಿದರೆ, ಅಂದರೆ ತಡೆ ನೂರಕ್ಕೆ 80ಕ್ಕಿಂತ ಕೆಳಗಿಳಿದರೆ, ಬದಲಿಸುವ ಸಮಯ. ಅಂಕಿ ಸರಿಯಿದ್ದು ನೀರು ನಿಧಾನವಾದರೆ ಬೇರೆ ಕಡೆ ನೋಡಿ. 75 ಜಿಪಿಡಿ ಮೆಂಬ್ರೇನ್ ಒಂದು ಲೀಟರ್ ತುಂಬಲು ಐದಾರು ನಿಮಿಷ ತೆಗೆದುಕೊಳ್ಳುತ್ತದೆ. ಹತ್ತು ನಿಮಿಷವಾದರೆ ಸ್ಪನ್ ಕಟ್ಟಿಕೊಂಡಿರಬಹುದು, ಪಂಪು ಸೋತಿರಬಹುದು. ಡಿಸೆಂಬರಿನ ಚಳಿಯಲ್ಲಿ ಯಂತ್ರ ನಿಧಾನವಾಗುವುದು ಮಾತ್ರ ಸಹಜ, ನೀರು ಒಂದು ಡಿಗ್ರಿ ತಣ್ಣಗಾದರೆ ನೂರಕ್ಕೆ ಸುಮಾರು ಮೂರು ಪಾಲು ಇಳುವರಿ ಕಡಿಮೆ. ಆ ತಿಂಗಳಲ್ಲಿ ಹೊಸ ಮೆಂಬ್ರೇನ್ ಹಾಕಿಸಿಕೊಂಡು ಬೇಸಿಗೆಯಲ್ಲಿ ಸರಿಹೋಯಿತು ಎಂದುಕೊಳ್ಳುವವರು ಬಹಳ.

ಬಿಟ್ಟ ನೀರಿನ ಕೊಳವೆಯನ್ನೂ ಗಮನಿಸಬೇಕು. ಅಲ್ಲಿ ನೀರು ಬರುವುದೇ ನಿಂತರೆ ಸಂತೋಷಪಡಬೇಡಿ, ಎಫ್‌ಆರ್ ಕಟ್ಟಿಕೊಂಡಿದೆ, ಕೆಲವೇ ವಾರದಲ್ಲಿ ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟುತ್ತದೆ. ನೀರು ಉಳಿಸಲೆಂದು ಸಣ್ಣ ಎಫ್‌ಆರ್ ಹಾಕಿಕೊಡುತ್ತೇವೆ ಎನ್ನುವವರ ಮಾತನ್ನು ಗಡಸು ನೀರಿನ ಸೀಮೆಯಲ್ಲಿ ಒಪ್ಪಬಾರದು, ಕಾರಣ ಅದೇ. ದಿನಕ್ಕೆ ಹದಿನೈದು ಲೀಟರ್ ಶುದ್ಧ ನೀರಿಗೆ ನಲವತ್ತೈದು ಲೀಟರ್ ಹೊರಹೋಗುತ್ತದೆ, ವರ್ಷಕ್ಕೆ ಹದಿನಾರು ಸಾವಿರ ಲೀಟರ್ ಮೀರಿ. ಕಡೂರಿನ ಬೋರಿಗೆ ಅದು ಸಣ್ಣ ಮಾತಲ್ಲ. ಆ ನೀರಿನ ಟಿಡಿಎಸ್ 1,400 ದಾಟಿರುತ್ತದೆ. ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಶೌಚಕ್ಕೆ, ಅಂಗಳ ತೊಳೆಯಲು ಬಳಸಲಿ. ದಿನಾ ಒಂದೇ ತೆಂಗಿನ ಬುಡಕ್ಕೆ ಬಿಡಬಾರದು, ಉಪ್ಪು ಅಲ್ಲೇ ಕಟ್ಟುತ್ತದೆ.

ಫ್ಲೋರೈಡ್ ಬಂದ ಮನೆಯಲ್ಲಿ ಆ ಟಿಡಿಎಸ್ ಕಂಟ್ರೋಲರ್ ತಿರುಪನ್ನು ಮುಚ್ಚಿ ಅಂಟು ಪಟ್ಟಿ ಸುತ್ತಿಡಿ. ನೀರಿನಲ್ಲಿ 2.5 ಮಿಲಿಗ್ರಾಂ ಫ್ಲೋರೈಡಿದ್ದು, ರುಚಿಗೆಂದು ನೂರಕ್ಕೆ ನಲವತ್ತು ಪಾಲು ಹೊರನೀರು ಬೆರೆಸಿದರೆ, ಮಿತಿಯ ಪೂರ್ತಿ 1 ಮಿಲಿಗ್ರಾಂ ಆ ದಾರಿಯಿಂದಲೇ ಲೋಟಕ್ಕೆ ವಾಪಸ್. ಯುವಿ ದೀಪ ಫ್ಲೋರೈಡನ್ನು ಮುಟ್ಟುವುದಿಲ್ಲ.

ಹಾಸನ, ಚಿಕ್ಕಮಗಳೂರು ಪಟ್ಟಣದವರಿಗೂ ಒಂದು ಮಾತು. ಹಾಸನದ ನಲ್ಲಿಗೆ ಬರುವುದು ಹೇಮಾವತಿ, ಚಿಕ್ಕಮಗಳೂರಿನ ನಲ್ಲಿಗೆ ಯಗಚಿ. ನದಿಯ ನೀರು, ಕ್ಲೋರಿನ್ ಹಾಕಿದ್ದು. ಟಿಡಿಎಸ್ 500ರ ಒಳಗಿದ್ದರೆ ಕಾರ್ಬನ್ ಮತ್ತು ಯುವಿ ಇರುವ ಯಂತ್ರ ಸಾಕು. ಬೋರ್ ನೀರು ಬೆರೆಸಿ ಬಿಡುವ ಬಡಾವಣೆಯಾದರೆ ಮಾತ್ರ ಪರೀಕ್ಷೆ ಮಾಡಿಸಿ ಮುಂದಿನ ಯೋಚನೆ.

ನೀವು ಕೊಟ್ಟ ಸಾವಿರ ರೂಪಾಯಿ ಮುಂಗಡ. ಯಂತ್ರ ಜೋಡಿಸುವ ಮುಂಚೆಯೇ ಬೇಡವೆಂದು ವಾಟ್ಸಾಪ್‌ನಲ್ಲಿ ಅಥವಾ ಪತ್ರದಲ್ಲಿ ಬರೆದು ತಿಳಿಸಿ, ಬಾಯಿಮಾತು ಬೇಡ. ರಸೀದಿ, ಅವರ ಕಾರ್ಡು, ಕಡ್ಡಿಯ ಪ್ರಯೋಗದ ವಿಡಿಯೊ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಹಣ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಅಷ್ಟಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು, ಎರಡು ವರ್ಷದೊಳಗೆ ದಾಖಲಿಸಬೇಕು. ಮುಂಗಡ ವಾಪಸ್ ಕೇಳುವಾಗ ಉಪ್ಪಿನ ಚಿಟಿಕೆಯ ಪರೀಕ್ಷೆಯನ್ನು ಅವರಿಂದಲೇ ಮಾಡಿಸಿ, ಅಕ್ಕಪಕ್ಕದ ಮನೆಯವರನ್ನೂ ಕರೆದು ತೋರಿಸಿ. ಮುಂದಿನ ವಾರ ಮಾರುವವರು ಹೋಗುವುದು ಆ ನೆರೆಯವರ ಮನೆಗೇ.